ಬೈದದ್ದು ಮೂವರನ್ನ, ಕೇಳಿಸಿಕೊಂಡದ್ದು ಊರೆಲ್ಲ

2002ರ ಜನವರಿ 30, ಕಾಬೂಲ್. ಬೆಳಗಿನ ಆರೂವರೆ. ವಾಷಿಂಗ್ಟನ್‌ನಲ್ಲಿ ಆಗಿನ್ನೂ ಹಿಂದಿನ ದಿನದ ರಾತ್ರಿ ಒಂಬತ್ತು. ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಂಸತ್ತಿನ ಮುಂದೆ ತಮ್ಮ ವಾರ್ಷಿಕ ಭಾಷಣಕ್ಕೆ ನಿಂತಿದ್ದರು. ಕಾಬೂಲ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿ ಹದಿಮೂರು ವರ್ಷ ಬೀಗ ಹಾಕಿಕೊಂಡಿದ್ದು ಆಗಷ್ಟೇ ತೆರೆದಿತ್ತು. ಅದರ ಉಸ್ತುವಾರಿ ರಯಾನ್ ಕ್ರಾಕರ್. ಭಾಷಣದಲ್ಲಿ ಏನಿರುತ್ತೆ ಅಂತ ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಮಾರನೇ ದಿನ ಅವರು ಇರಾನಿನ ಅಧಿಕಾರಿಯೊಬ್ಬರನ್ನು ಭೇಟಿಯಾದರು. ಆ ಅಧಿಕಾರಿ ಹೊಸಬರಲ್ಲ. ಹೊರಗೆ ಎರಡೂ ದೇಶ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಳಗೆ ಇವರಿಬ್ಬರೂ ತಿಂಗಳುಗಳಿಂದ ಗುಟ್ಟಾಗಿ ಕೂತು ಮಾತಾಡುತ್ತಿದ್ದರು. ಆವತ್ತು ಆ ಅಧಿಕಾರಿ ಕೆಂಡವಾಗಿದ್ದರು. ನಿಮ್ಮನ್ನು ನಂಬಿ ನನ್ನ ಮರ್ಯಾದೆ ಹೋಯಿತು ಅಂದರು. ತಮ್ಮ ಮೇಲಿನವರಾದ ಸೇನಾನಾಯಕ ಖಾಸಿಂ ಸುಲೈಮಾನಿ ಸಿಟ್ಟಿನಿಂದ ಕುದಿಯುತ್ತಿದ್ದಾರೆ ಅಂದರು. ಅಲ್ಲಿಗೆ ಮಾತುಕತೆ ಮುಗಿಯಿತು. ವರ್ಷಗಳ ನಂತರ ಕ್ರಾಕರ್ ಇದನ್ನು ನೆನಪಿಸಿಕೊಂಡು, ನಾವು ತುಂಬಾ ಹತ್ತಿರ ಬಂದಿದ್ದೆವು, ಒಂದು ಭಾಷಣದ ಒಂದು ಮಾತು ಚರಿತ್ರೆಯನ್ನೇ ಬದಲಿಸಿತು ಎಂದರು.

ಆ ಮಾತು ‘ಆಕ್ಸಿಸ್ ಆಫ್ ಈವಿಲ್’. ಕನ್ನಡದಲ್ಲಿ ದುಷ್ಟಕೂಟ ಅನ್ನೋಣ. ಕೂಟದಲ್ಲಿ ಮೂವರು: ಉತ್ತರ ಕೊರಿಯಾ, ಇರಾನ್, ಇರಾಕ್.

ಶತ್ರುವನ್ನು ಶತ್ರು ಅಂದರೆ ತಪ್ಪೇನು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸದ್ದಾಂ ಹುಸೇನ್ ತನ್ನದೇ ಪ್ರಜೆಗಳ ಮೇಲೆ ವಿಷಾನಿಲ ಹಾಕಿಸಿದ್ದ. ಉತ್ತರ ಕೊರಿಯಾದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಸರ್ಕಾರ ಕ್ಷಿಪಣಿ ಮಾಡುತ್ತಿತ್ತು. ಬುಷ್ ಸುಳ್ಳೇನೂ ಹೇಳಲಿಲ್ಲವಲ್ಲ? ಈ ಕಡೆಯಿಂದ ನೋಡಿದರೆ ಸರಿಯೇ. ಆದರೆ ಅಧ್ಯಕ್ಷರ ಮಾತನ್ನು ಒಂದೇ ಕಡೆಯಿಂದ ಕೇಳಿಸಿಕೊಳ್ಳುವುದಿಲ್ಲ. ಹೇಳುವಾಗ ಮಾತು ಒಂದೇ. ಕೇಳುವಾಗ ನಾಲ್ಕಾಗುತ್ತೆ. ತಮ್ಮ ಮನೆಯವರಿಗೆ ಒಂದು, ಎದುರಾಳಿಗೆ ಒಂದು, ಎದುರಾಳಿಯ ಮನೆಯೊಳಗೆ ರಾಜಿ ಬಯಸುವವರಿಗೆ ಒಂದು, ನೆಂಟರಿಷ್ಟರಿಗೆ ಇನ್ನೊಂದು. ತೊಂದರೆ ಹುಟ್ಟುವುದು ಅಲ್ಲೇ.

ಮೊದಲು ಆ ಇರಾನಿ ಅಧಿಕಾರಿ ಅಮೆರಿಕದವರ ಜತೆ ಯಾಕೆ ಕೂತಿದ್ದರು ಅನ್ನೋದು ತಿಳಿಯಬೇಕು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕಕ್ಕೆ ತಾಲಿಬಾನ್ ಶತ್ರುವಾಯಿತು. ಇರಾನಿಗೆ ಅದು ಹಳೇ ಶತ್ರು. 1998ರಲ್ಲಿ ಮಜಾರೆ ಶರೀಫ್ ನಗರದಲ್ಲಿ ತಾಲಿಬಾನ್ ಪಡೆ ಇರಾನಿನ ರಾಜತಾಂತ್ರಿಕರನ್ನು ಕೊಂದಿತ್ತು. ಆಗ ಇರಾನ್ ಮತ್ತು ತಾಲಿಬಾನ್ ಕೈಯಲ್ಲಿದ್ದ ಅಫ್ಘಾನಿಸ್ತಾನ ಯುದ್ಧದ ಅಂಚಿಗೆ ಹೋಗಿ ಬಂದಿದ್ದವು. ಹಾಗಾಗಿ ಟೆಹ್ರಾನ್‌ಗೆ ಇದು ಸಿಕ್ಕ ಅವಕಾಶ. ಜಿನೀವಾದಲ್ಲಿ ಗುಟ್ಟಿನ ಸಭೆಗಳು ಶುರುವಾದವು. ಒಂದು ಸಭೆಯಲ್ಲಿ ಇರಾನಿನವರು ಮೇಜಿನ ಮೇಲೆ ನಕ್ಷೆ ಹರಡಿದರು. ತಾಲಿಬಾನ್ ಪಡೆ ಎಲ್ಲೆಲ್ಲಿದೆ, ಮೊದಲು ಎಲ್ಲಿ ಹೊಡೆಯಬೇಕು, ಆಮೇಲೆ ಎಲ್ಲಿ, ಯಾಕೆ, ಎಲ್ಲವನ್ನೂ ಬಿಡಿಸಿ ಹೇಳಿದರು. ಬೆರಗಾದ ಕ್ರಾಕರ್, ಇದನ್ನು ಬರೆದುಕೊಳ್ಳಬಹುದಾ ಅಂತ ಕೇಳಿದರು. ಬರೆದುಕೊಳ್ಳೋದೇನು, ನಕ್ಷೆಯನ್ನೇ ಇಟ್ಟುಕೊಳ್ಳಿ ಅನ್ನೋ ಉತ್ತರ ಬಂತು.

ಅದೇ ಡಿಸೆಂಬರ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಅಫ್ಘಾನಿಸ್ತಾನಕ್ಕೆ ಹೊಸ ಸರ್ಕಾರ ಕಟ್ಟುವ ಸಭೆ. ಮಂತ್ರಿ ಪದವಿಗಳ ಹಂಚಿಕೆಯಲ್ಲಿ ಮಾತು ಸಿಕ್ಕಿಹಾಕಿಕೊಂಡಿತು. ತಾಲಿಬಾನ್ ವಿರುದ್ಧ ಹೋರಾಡಿದ್ದ ಉತ್ತರ ಒಕ್ಕೂಟದ ಪ್ರತಿನಿಧಿ ಯೂನುಸ್ ಖಾನೂನಿ ಜಗ್ಗುತ್ತಿರಲಿಲ್ಲ. ಅಮೆರಿಕದ ಪ್ರತಿನಿಧಿ ಜೇಮ್ಸ್ ಡಾಬಿನ್ಸ್ ಸೇರಿ ಎಲ್ಲರೂ ಹೇಳಿ ಸೋತರು. ಕೊನೆಗೆ ಇರಾನಿನ ಪ್ರತಿನಿಧಿ ಜವಾದ್ ಝರೀಫ್ ಎದ್ದು, ಖಾನೂನಿಯನ್ನು ಪಕ್ಕಕ್ಕೆ ಕರೆದು, ಕಿವಿಯಲ್ಲಿ ಏನೋ ಉಸುರಿದರು. ವಾಪಸ್ ಬಂದ ಖಾನೂನಿ ಆಯ್ತು, ಬಿಟ್ಟುಕೊಡ್ತೀವಿ ಅಂದರು. ಒಪ್ಪಂದದ ಕರಡಿನಲ್ಲಿ ಪ್ರಜಾಪ್ರಭುತ್ವ ಅನ್ನೋ ಪದವೇ ಇಲ್ಲವಲ್ಲ ಅಂತ ನೆನಪಿಸಿದವರೂ ಇದೇ ಝರೀಫ್. ಡಾಬಿನ್ಸ್ ಇದನ್ನೆಲ್ಲ ಮುಂದೆ ಬಹಿರಂಗವಾಗಿಯೇ ಹೇಳಿದ್ದಾರೆ.

ಇದಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ಇರಾನ್ ದುಷ್ಟಕೂಟದ ಸದಸ್ಯನಾಯಿತು.

ಆ ಪದ ಹುಟ್ಟಿದ್ದು ಹೇಗೆ ಅನ್ನೋದೂ ಒಂದು ಸ್ವಾರಸ್ಯವೇ. 2001ರ ಕೊನೆಯಲ್ಲಿ, ಇರಾಕ್ ಮೇಲೆ ಯಾಕೆ ಹೋಗಬೇಕು ಅನ್ನೋದನ್ನು ಒಂದೆರಡು ವಾಕ್ಯದಲ್ಲಿ ಬರೆದುಕೊಡಿ ಅಂತ ಭಾಷಣ ಬರೆಯುವವರಲ್ಲಿ ಒಬ್ಬರಾದ ಡೇವಿಡ್ ಫ್ರಮ್‌ಗೆ ಹೇಳಲಾಯಿತು. ಅವರು ಎರಡನೇ ಮಹಾಯುದ್ಧದ ಭಾಷಣಗಳನ್ನು ತಿರುವಿಹಾಕಿ, ಆಗಿನ ಜರ್ಮನಿ, ಇಟಲಿ, ಜಪಾನ್‌ಗಳ ಕೂಟಕ್ಕಿದ್ದ ‘ಆಕ್ಸಿಸ್’ ಹೆಸರನ್ನು ಎತ್ತಿಕೊಂಡರು. ಮೊದಲ ಕರಡಿನಲ್ಲಿ ಅದು ‘ದ್ವೇಷದ ಕೂಟ’. ಭಾಷಣ ತಂಡದ ಮುಖ್ಯಸ್ಥ ಮೈಕೆಲ್ ಗರ್ಸನ್ ದ್ವೇಷವನ್ನು ಹೊಡೆದುಹಾಕಿ ‘ಈವಿಲ್’ ಮಾಡಿದರು. ಅದಕ್ಕೆ ಬೈಬಲ್ಲಿನ ಕಳೆ ಬಂತು. ಇರಾಕ್ ಒಂದನ್ನೇ ಹೆಸರಿಸಿದರೆ ಯುದ್ಧ ನಾಳೆಯೇ ಅನ್ನೋ ಹಾಗೆ ಕಾಣುತ್ತೆ ಅಂತ ಉಳಿದ ಹೆಸರುಗಳು ಆಮೇಲೆ ಸೇರಿದವು. ಭಾಷಣ ತೆಗೆದು ನೋಡಿದರೆ ಇದು ಗೊತ್ತಾಗುತ್ತೆ. ಉತ್ತರ ಕೊರಿಯಾಕ್ಕೆ ಒಂದು ವಾಕ್ಯ. ಇರಾನಿಗೆ ಒಂದು ವಾಕ್ಯ. ಇರಾಕಿಗೆ ಐದು.

ಅಂದರೆ ಎರಡು ದೇಶಗಳ ಜತೆಗಿನ ಸಂಬಂಧ ಹಳ್ಳ ಹಿಡಿದದ್ದು ಪಟ್ಟಿ ಭರ್ತಿ ಮಾಡಲು ಹಾಕಿದ ಎರಡು ವಾಕ್ಯಗಳಿಂದ. ನನಗೆ ಈ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ.

ನಮ್ಮಲ್ಲಿ ದುಷ್ಟ ಚತುಷ್ಟಯ ಅಂತೀವಿ. ದುರ್ಯೋಧನ, ದುಶ್ಶಾಸನ, ಕರ್ಣ, ಶಕುನಿ. ಆ ನಾಲ್ವರು ಒಂದೇ ಸಭೆಯಲ್ಲಿ ಕೂತು, ಒಂದೇ ಪಗಡೆ ಹಾಸಿಗೆ ಮುಂದೆ ಸಂಚು ಮಾಡಿದವರು. ಚತುಷ್ಟಯ ಅನ್ನೋ ಮಾತಿಗೆ ಅಲ್ಲಿ ಅರ್ಥವಿದೆ. ಬುಷ್ ಹೆಸರಿಸಿದ ಮೂವರಲ್ಲಿ ಇರಾನ್ ಮತ್ತು ಇರಾಕ್ 1980ರಿಂದ 1988ರವರೆಗೆ ಎಂಟು ವರ್ಷ ಯುದ್ಧ ಮಾಡಿ ಲಕ್ಷಗಟ್ಟಲೆ ಜನರನ್ನು ಮಣ್ಣು ಮಾಡಿದ್ದವು. ಸದ್ದಾಂ ಬಿದ್ದರೆ ಅತ್ಯಂತ ಖುಷಿಪಡುವ ನೆರೆಯವರು ಯಾರು ಅಂದರೆ ಇರಾನಿನವರೇ. ಇನ್ನು ಉತ್ತರ ಕೊರಿಯಾ ಕ್ಷಿಪಣಿ ಮಾರುವ ವ್ಯಾಪಾರಿ, ಅಷ್ಟೇ. ಇದು ಕೂಟವಲ್ಲ. ಒಂದೇ ಗೋಣಿಗೆ ತುಂಬಿದ್ದು.

ಪರ್ಷಿಯನ್ ಭಾಷೆಯಲ್ಲಿ ಅದು ‘ಮೆಹ್ವರೆ ಶರಾರತ್’ ಆಯಿತು. ಹಿಂದಿ ಸಿನಿಮಾ ನೋಡುವ ನಮಗೆ ಶರಾರತ್ ಅಂದರೆ ಮಕ್ಕಳ ತುಂಟತನ. ತುಂಟರ ಕೂಟ! ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಅವರ ಭಾಷೆಯಲ್ಲಿ ಆ ಪದಕ್ಕೆ ನೀಚತನ, ಕೇಡು ಅನ್ನೋ ಕಟು ಅರ್ಥ. ಟೆಹ್ರಾನಿನ ಬೀದಿಯಲ್ಲಿ ಪತ್ರಿಕೆ ಹಿಡಿದ ಜನ ಓದಿದ್ದು ಆ ಅರ್ಥದಲ್ಲಿ.

ಈಗ ನಾಲ್ಕು ಕಿವಿಗಳ ವಿಚಾರಕ್ಕೆ ಬರೋಣ. ಮನೆಯವರಿಗೆ ಆ ಭಾಷಣ ಹಿಡಿಸಿತು. ಆಗ ಬುಷ್ ಅವರನ್ನು ಮೆಚ್ಚುವವರು ಅಮೆರಿಕದಲ್ಲಿ ಶೇ 80ಕ್ಕೂ ಜಾಸ್ತಿ ಇದ್ದರು. ನಾಲ್ಕೂವರೆ ತಿಂಗಳ ಹಿಂದಷ್ಟೇ ಮೂರು ಸಾವಿರದಷ್ಟು ಜನರನ್ನು ಕಳೆದುಕೊಂಡಿದ್ದ ದೇಶಕ್ಕೆ ಖಡಕ್ ಮಾತು ಬೇಕಿತ್ತು. ಇದರಲ್ಲಿ ಬಿಡಿಸಿ ಹೇಳುವುದೇನೂ ಇಲ್ಲ. ಎಲ್ಲ ದೇಶದ ನಾಯಕರಿಗೂ ಗೊತ್ತಿರುವ ಸುಲಭದ ಚಪ್ಪಾಳೆ ಅದು.

ಮೂರನೇ ಕಿವಿ, ಅಂದರೆ ಎದುರಾಳಿಯ ಮನೆಯೊಳಗಿನ ರಾಜಿಗಾರರು. ಇದನ್ನು ಸ್ವಲ್ಪ ನಿಂತು ನೋಡಬೇಕು. ಹಳ್ಳಿಯಲ್ಲಿ ಹೊಲದ ಬದುವಿನ ಜಗಳ ನೋಡಿರ್ತೀರಿ. ಆ ಮನೆಯಲ್ಲಿ ಅಣ್ಣನಿಗೆ ಎರಡು ಮೊಳ ಬಿಟ್ಟುಕೊಟ್ಟು ಮುಗಿಸೋಣ ಅಂತ. ತಮ್ಮನಿಗೆ ಕೋರ್ಟಿಗೇ ಹೋಗೋಣ ಅಂತ. ಅಣ್ಣ ಹೇಗೋ ಮನೆಯವರನ್ನು ಒಪ್ಪಿಸುತ್ತಾ ಇರ್ತಾನೆ. ಅಷ್ಟರಲ್ಲಿ ಈ ಕಡೆಯವನು ಬೀದಿಯಲ್ಲಿ ನಿಂತು ‘ನಿಮ್ಮ ವಂಶವೇ ಕಳ್ಳರದು’ ಅಂತ ಕೂಗಿಬಿಡ್ತಾನೆ. ಮುಗೀತು. ಇನ್ನು ಅಣ್ಣ ಆ ಮನೆಯಲ್ಲಿ ರಾಜಿ ಅನ್ನೋ ಪದ ಎತ್ತುವ ಹಾಗಿಲ್ಲ. ಎತ್ತಿದರೆ ಅವನೇ ದ್ರೋಹಿ. ಬೈದವನಿಗೆ ಅನಿಸುತ್ತೆ, ತಾನು ತಮ್ಮನಿಗೆ ಬಿಸಿ ಮುಟ್ಟಿಸಿದೆ ಅಂತ. ನಿಜಕ್ಕೂ ತಮ್ಮನ ಕೈಗೆ ಕೋಲು ಕೊಟ್ಟಿರ್ತಾನೆ.

ಇರಾನಿನಲ್ಲಿ ಆಗ ಆ ಅಣ್ಣನ ಜಾಗದಲ್ಲಿದ್ದವರು ಅಧ್ಯಕ್ಷ ಮೊಹಮ್ಮದ್ ಖಾತಮಿ. 1997ರಲ್ಲಿ ಸುಧಾರಣೆಯ ಮಾತಾಡಿ ಭಾರಿ ಬಹುಮತದಿಂದ ಗೆದ್ದವರು. ನಾಗರಿಕತೆಗಳ ನಡುವೆ ಸಂವಾದ ಬೇಕು ಅನ್ನೋದು ಅವರ ಕರೆ. ಆ ಕರೆಯ ಮೇಲೆಯೇ ವಿಶ್ವಸಂಸ್ಥೆ 2001ನ್ನು ಸಂವಾದದ ವರ್ಷ ಎಂದು ಸಾರಿತ್ತು. ಅವಳಿ ಗೋಪುರ ಬಿದ್ದಾಗ ಟೆಹ್ರಾನಿನ ಯುವಜನ ಮೊಂಬತ್ತಿ ಹಿಡಿದು ಬೀದಿಗೆ ಬಂದಿದ್ದರು. ಬುಷ್ ಭಾಷಣವಾಗಿ ಎರಡು ವಾರಕ್ಕೆ, ಫೆಬ್ರುವರಿ 11ರ ಕ್ರಾಂತಿ ದಿನಾಚರಣೆಯಲ್ಲಿ ಟೆಹ್ರಾನಿನ ಬೀದಿಗಳು ಮತ್ತೆ ತುಂಬಿದವು. ಈ ಸಲ ಅಮೆರಿಕಕ್ಕೆ ಧಿಕ್ಕಾರ ಕೂಗಲು. ಅಮೆರಿಕವನ್ನು ನಂಬಬೇಡಿ ಅಂತ ಮೊದಲಿಂದ ಹೇಳುತ್ತಿದ್ದ ಕಟ್ಟರ್ ಗುಂಪಿಗೆ ‘ನಾವು ಹೇಳಿರಲಿಲ್ವಾ’ ಅನ್ನಲು ಒಂದು ವಾಕ್ಯ ಸಿಕ್ಕಿತ್ತು. ಅಮೆರಿಕವನ್ನು ದ್ವೇಷಿಸುತ್ತಿದ್ದ ಅಫ್ಘಾನ್ ಸೇನಾನಾಯಕ ಗುಲ್ಬುದ್ದೀನ್ ಹೆಕ್ಮತ್ಯಾರ್ ಆಗ ಇರಾನಿನಲ್ಲಿದ್ದ. ಕೆಲವೇ ವಾರಗಳಲ್ಲಿ ಅಲ್ಲಿಂದ ಹೊರಬಿದ್ದ. ಮುಂದೆ ವರ್ಷಗಟ್ಟಲೆ ಅಮೆರಿಕದ ಸೈನಿಕರ ಮೇಲೆ ಅವನ ಪಡೆ ದಾಳಿ ಮಾಡಿತು. 2005ರಲ್ಲಿ ಖಾತಮಿ ಅವಧಿ ಮುಗಿದು ಗೆದ್ದು ಬಂದವರು ಮಹಮೂದ್ ಅಹ್ಮದಿನೆಜಾದ್.

ಎಲ್ಲವನ್ನೂ ಒಂದು ಭಾಷಣದ ತಲೆಗೆ ಕಟ್ಟುವುದು ಸರಿಯಲ್ಲ. 2002ರ ಜನವರಿ ಮೊದಲ ವಾರ ಇಸ್ರೇಲ್ ಕೆಂಪು ಸಮುದ್ರದಲ್ಲಿ ‘ಕರೀನ್ ಎ’ ಅನ್ನೋ ಹಡಗು ಹಿಡಿದಿತ್ತು. ಅದರಲ್ಲಿ 50 ಟನ್‌ನಷ್ಟು ಶಸ್ತ್ರಾಸ್ತ್ರ. ಇರಾನಿನಿಂದ ಪ್ಯಾಲೆಸ್ಟೀನಿಯರಿಗೆ ಹೊರಟದ್ದು ಅನ್ನೋದು ಆರೋಪ. ಇರಾನ್ ನತಾಂಜ್‌ನಲ್ಲಿ ಗುಟ್ಟಾಗಿ ಯುರೇನಿಯಂ ಘಟಕ ಕಟ್ಟುತ್ತಿದ್ದದ್ದೂ ಅದೇ ವರ್ಷ ಆಗಸ್ಟ್‌ನಲ್ಲಿ ಬಯಲಾಯಿತು. ಅಂದರೆ ಭಾಷಣದ ಮೊದಲೂ ಇರಾನ್ ಎರಡು ಮುಖ ತೋರಿಸುತ್ತಲೇ ಇತ್ತು. ಒಂದು ಕೈಯಲ್ಲಿ ನಕ್ಷೆ, ಇನ್ನೊಂದು ಕೈಯಲ್ಲಿ ಹಡಗು. ದೇಶ ಅಂದರೆ ಒಂದೇ ತಲೆಯಲ್ಲ. ಅದರೊಳಗೆ ಹತ್ತು ತಲೆಗಳ ಜಗ್ಗಾಟವಿರುತ್ತೆ. ಹೊರಗಿನವರ ಮಾತು ಯಾವ ತಲೆಗೆ ಬಲ ಕೊಡುತ್ತೆ ಅನ್ನೋದಷ್ಟೇ ಇಲ್ಲಿನ ಲೆಕ್ಕ.

ಎದುರಾಳಿಯ ಕಿವಿಗೆ ಬಂದರೆ, ಉತ್ತರ ಕೊರಿಯಾದಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. 1994ರಲ್ಲಿ ಅಮೆರಿಕ ಅವರ ಜತೆ ಒಂದು ಒಪ್ಪಂದ ಮಾಡಿಕೊಂಡಿತ್ತು. ಯೋಂಗ್ಬ್ಯೋನ್ ಅಣು ಸ್ಥಾವರ ನಿಲ್ಲಿಸಿ, ನಾವು ವರ್ಷಕ್ಕೆ ಐದು ಲಕ್ಷ ಟನ್ ಇಂಧನ ತೈಲ ಕೊಡುತ್ತೇವೆ, ಎರಡು ಬೇರೆ ಬಗೆಯ ವಿದ್ಯುತ್ ಸ್ಥಾವರ ಕಟ್ಟಿಕೊಡುತ್ತೇವೆ ಅಂತ. ಬಾಂಬ್ ಮಾಡಲು ಪ್ಲುಟೋನಿಯಂ ಸಿಗುವ 8,000ದಷ್ಟು ಉರಿಸಿದ ಇಂಧನ ಸಲಾಕೆಗಳಿಗೆ ಸೀಲ್ ಬಿತ್ತು. ಅಂತರರಾಷ್ಟ್ರೀಯ ತಪಾಸಣೆಗಾರರು ಕಾವಲು ಕೂತರು. ಎರಡೂ ಕಡೆ ಗೊಣಗಾಟ, ವಿಳಂಬ ಎಲ್ಲ ಇತ್ತು. ಆದರೆ ಎಂಟು ವರ್ಷ ಆ ಸೀಲ್ ಒಡೆಯಲಿಲ್ಲ.

2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಜೇಮ್ಸ್ ಕೆಲ್ಲಿ ಪ್ಯಾಂಗ್ಯಾಂಗ್‌ಗೆ ಹೋಗಿ, ನೀವು ಯುರೇನಿಯಂ ದಾರಿಯಲ್ಲಿ ಗುಟ್ಟಾಗಿ ಬಾಂಬಿಗೆ ಕೈ ಹಾಕಿದ್ದೀರಿ ಅಂದರು. ಆರೋಪದಲ್ಲಿ ಹುರುಳಿತ್ತು. ಆಮೇಲೆ ಎಲ್ಲ ಸರಸರ ನಡೆಯಿತು. ನವೆಂಬರ್‌ನಲ್ಲಿ ತೈಲ ನಿಲ್ಲಿಸುವ ತೀರ್ಮಾನ. ಡಿಸೆಂಬರ್‌ನಲ್ಲಿ ತಪಾಸಣೆಗಾರರಿಗೆ ಗೇಟ್‌ಪಾಸ್. 2003ರ ಜನವರಿ 10ರಂದು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದಲೇ ಹೊರನಡೆಯುವ ಘೋಷಣೆ. 2006ರ ಅಕ್ಟೋಬರ್ 9ರಂದು ಮೊದಲ ಬಾಂಬ್ ಪರೀಕ್ಷೆ. 2017ರ ಹೊತ್ತಿಗೆ ಅದು ಆರು ಪರೀಕ್ಷೆಯಾಗಿತ್ತು.

ಮೋಸ ಸಿಕ್ಕಾಗ ಸುಮ್ನೆ ಇರಬೇಕಿತ್ತಾ? ಇಲ್ಲ. ಆದರೆ ಮೋಸ ಸಿಕ್ಕಾಗ ಮಾಡಬಹುದಾದ ಕೆಲಸ ಒಂದಿತ್ತು. ಮತ್ತೆ ಕೂತು, ಇನ್ನೂ ಬಿಗಿಯಾದ ಷರತ್ತು ಹಾಕೋದು. ಕೆಟ್ಟವರು ಅಂತ ಮುದ್ರೆ ಒತ್ತಿದ ಮೇಲೆ ಅವರ ಜತೆ ಕೂರೋದು ಹೇಗೆ? ಕೂತರೆ ಮನೆಯವರೇ ಕೇಳುತ್ತಾರೆ. ಬೈಗುಳ ಎದುರಾಳಿಯನ್ನು ಕಟ್ಟಿಹಾಕುವ ಮೊದಲು ಬೈದವರ ಕೈಯನ್ನೇ ಕಟ್ಟಿಹಾಕುತ್ತೆ.

2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಥಾಮಸ್ ಶೆಲ್ಲಿಂಗ್ ಬೆದರಿಕೆ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನೇ ದಶಕಗಳ ಕಾಲ ಯೋಚಿಸಿದವರು. ಅವರ ವಾದ ಸರಳ. ಪ್ರತಿ ಬೆದರಿಕೆಯಲ್ಲೂ ಎರಡು ಅರ್ಧ ಇರಬೇಕು. ‘ಒಂದು ಹೆಜ್ಜೆ ಮುಂದಿಟ್ಟರೆ ಹೊಡೀತೀನಿ’ ಅನ್ನೋದು ಮೊದಲರ್ಧ. ‘ಇಡದಿದ್ದರೆ ಹೊಡೆಯಲ್ಲ’ ಅನ್ನೋದು ಎರಡನೆಯದು. ಎರಡನೆಯದು ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆಯಿಲ್ಲ. ಹೆಜ್ಜೆ ಇಟ್ಟರೂ ಏಟು, ಇಡದಿದ್ದರೂ ಏಟು ಅಂತಾದರೆ ಯಾರು ತಾನೇ ನಿಲ್ಲುತ್ತಾರೆ? ‘ನೀನು ಮಾಡಿದ್ದು ಕೆಟ್ಟದ್ದು’ ಅಂದರೆ ತಿದ್ದಿಕೊಳ್ಳಲು ಜಾಗ ಇರುತ್ತೆ. ‘ನೀನೇ ಕೇಡು’ ಅಂದರೆ ಇರೋದಿಲ್ಲ.

ಅದರ ಮೇಲೆ ಪ್ಯಾಂಗ್ಯಾಂಗ್‌ನವರು ಪಕ್ಕದ ಉದಾಹರಣೆಗಳನ್ನೂ ನೋಡುತ್ತಿದ್ದರು. 2003ರ ಮಾರ್ಚ್‌ನಲ್ಲಿ ಅಮೆರಿಕ ಇರಾಕಿಗೆ ನುಗ್ಗಿತು. ಇದೆ ಇದೆ ಅಂದಿದ್ದ ಸಮೂಹನಾಶಕ ಅಸ್ತ್ರಗಳು ಅಲ್ಲಿ ಸಿಗಲೇ ಇಲ್ಲ. ಸದ್ದಾಂಗೆ 2006ರ ಡಿಸೆಂಬರ್‌ನಲ್ಲಿ ನೇಣಾಯಿತು. ಲಿಬಿಯಾದ ಗಡಾಫಿ 2003ರ ಡಿಸೆಂಬರ್‌ನಲ್ಲಿ ತಾನಾಗಿ ಅಣು ಯೋಜನೆ ಬಿಟ್ಟುಕೊಟ್ಟ. 2011ರಲ್ಲಿ ನೇಟೊ ಬಾಂಬ್ ದಾಳಿಯ ನಡುವೆ ಬಂಡುಕೋರರ ಕೈಗೆ ಸಿಕ್ಕಿ ಸತ್ತ. ಮೂರನೆಯವರಾದ ಉತ್ತರ ಕೊರಿಯಾದವರ ಕೈಯಲ್ಲಿ ಬಾಂಬ್ ಇದೆ, ಅವರನ್ನು ಯಾರೂ ಮುಟ್ಟಿಲ್ಲ. ಈ ಪಾಠ ಓದಿಕೊಳ್ಳಲು ಟ್ಯೂಷನ್ ಬೇಕಾಗಿಲ್ಲ.

ಬೈದು ಸುಮ್ಮನಾಗೋದೂ ಒಂದು ಅಪಾಯವೇ. 2012ರ ಆಗಸ್ಟ್‌ನಲ್ಲಿ ಒಬಾಮ, ಸಿರಿಯಾ ರಾಸಾಯನಿಕ ಅಸ್ತ್ರ ಬಳಸಿದರೆ ಅದು ಕೆಂಪು ಗೆರೆ ಅಂದರು. ಒಂದು ವರ್ಷಕ್ಕೆ ಸರಿಯಾಗಿ ಡಮಾಸ್ಕಸ್ ಹೊರವಲಯದ ಘೌತಾದಲ್ಲಿ ವಿಷಾನಿಲಕ್ಕೆ ನೂರಾರು ಜನ ಸತ್ತರು. ಒಬಾಮ ದಾಳಿ ಮಾಡಲಿಲ್ಲ. ರಷ್ಯಾ ನಡುವೆ ಬಂದು, ಸಿರಿಯಾ ತಾನು ತೋರಿಸಿದ ದಾಸ್ತಾನನ್ನು ಒಪ್ಪಿಸುವ ಹಾಗಾಯಿತು. ಲೆಕ್ಕದಲ್ಲಿ ಅದು ಒಳ್ಳೆಯ ಫಲವೇ. ಆದರೂ ‘ಗೆರೆ ಎಳೆದು ಹಿಂದೆ ಸರಿದವರು’ ಅನ್ನೋ ಹೆಸರು ಅವರಿಗೆ ಅಂಟಿಕೊಂಡಿತು.

ಮಾತಿನ ಬಿಸಿ ಸಾಮಾನ್ಯ ಜನರಿಗೆ ಹೇಗೆ ತಟ್ಟುತ್ತೆ ಅನ್ನೋದಕ್ಕೆ ಟ್ರಂಪ್ ಕಾಲದ ಒಂದು ಶನಿವಾರ ಸಾಕು. 2017ರ ಆಗಸ್ಟ್ 8ರಂದು, ಮಾದಕ ಔಷಧದ ಹಾವಳಿ ಬಗ್ಗೆ ನಡೆಯುತ್ತಿದ್ದ ಸಭೆಯಲ್ಲಿ ಪತ್ರಕರ್ತರ ಪ್ರಶ್ನೆಗೆ ಉತ್ತರವಾಗಿ ಟ್ರಂಪ್, ಉತ್ತರ ಕೊರಿಯಾ ಇನ್ನೂ ಬೆದರಿಸಿದರೆ ಜಗತ್ತು ಕಂಡರಿಯದ ಬೆಂಕಿ, ರೋಷ ಎದುರಿಸಬೇಕಾದೀತು ಅಂದರು. ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು ಕಿಮ್ ಜಾಂಗ್ ಉನ್ ಅವರನ್ನು ‘ರಾಕೆಟ್ ಮ್ಯಾನ್’ ಅಂದರು. ಬೇಕಾದರೆ ಆ ದೇಶವನ್ನೇ ಪೂರ್ತಿ ನಾಶ ಮಾಡುತ್ತೇವೆ ಅಂದರು. ಆಗ ನ್ಯೂಯಾರ್ಕ್‌ಗೆ ಬಂದಿಳಿದ ಉತ್ತರ ಕೊರಿಯಾದ ವಿದೇಶಾಂಗ ಮಂತ್ರಿ ರಿ ಯಾಂಗ್ ಹೊ ತಮ್ಮ ಕಡೆಯ ಗಾದೆ ಹೇಳಿದರು: ನಾಯಿ ಬೊಗಳಿದರೂ ಮೆರವಣಿಗೆ ನಿಲ್ಲೋದಿಲ್ಲ. ನಾಯಿ ಬೊಗಳಿದರೆ ದೇವಲೋಕ ಹಾಳಾಗುತ್ತಾ ಅಂತ ನಾವು ಅನ್ನೋದನ್ನೇ! ಕಿಮ್ ತಾವೂ ಹಿಂದೆ ಬೀಳಲಿಲ್ಲ, ಟ್ರಂಪ್‌ರನ್ನು ತಲೆಕೆಟ್ಟ ಮುದುಕ ಅಂದರು. ನವೆಂಬರ್ ಕೊನೆಯಲ್ಲಿ ಅಮೆರಿಕದ ಯಾವ ಮೂಲೆಗಾದರೂ ತಲುಪಬಲ್ಲ ಕ್ಷಿಪಣಿ ಹಾರಿಸಿದರು. ಹೊಸ ವರ್ಷದ ಮೊದಲ ವಾರ ಯಾರ ಮೇಜಿನ ಅಣು ಗುಂಡಿ ದೊಡ್ಡದು ಅನ್ನೋ ಜಗಳ ಟ್ವಿಟರ್‌ಗೆ ಬಂತು.

2018ರ ಜನವರಿ 13, ಶನಿವಾರ, ಹವಾಯಿ ದ್ವೀಪ. ಬೆಳಗ್ಗೆ 8 ಗಂಟೆ 7 ನಿಮಿಷಕ್ಕೆ ಎಲ್ಲರ ಮೊಬೈಲ್ ಕಿರುಚಿತು. ಕ್ಷಿಪಣಿ ಹವಾಯಿ ಕಡೆ ಬರುತ್ತಿದೆ, ತಕ್ಷಣ ಆಸರೆ ಹುಡುಕಿಕೊಳ್ಳಿ, ಇದು ಅಣಕು ಅಲ್ಲ. ಕೊರಿಯಾದಿಂದ ಹವಾಯಿಗೆ ಕ್ಷಿಪಣಿ ಬರಲು ಇಪ್ಪತ್ತು ನಿಮಿಷ ಸಾಕು ಅಂತ ಅಲ್ಲಿನವರಿಗೆ ಆಗಲೇ ಬಾಯಿಪಾಠವಾಗಿತ್ತು. ಜನ ಮಕ್ಕಳನ್ನು ಸ್ನಾನದ ತೊಟ್ಟಿಯಲ್ಲಿ ಮಲಗಿಸಿ ಮೇಲೆ ತಾವು ಬಿದ್ದುಕೊಂಡರು. ದೂರದವರಿಗೆ ಫೋನ್ ಮಾಡಿ ಕೊನೆಯ ಮಾತು ಹೇಳಿದರು. ಮ್ಯಾನ್‌ಹೋಲ್ ಮುಚ್ಚಳ ತೆಗೆದು ಮಕ್ಕಳನ್ನು ಇಳಿಸುತ್ತಿದ್ದ ವಿಡಿಯೊ ಆಮೇಲೆ ಎಲ್ಲ ಕಡೆ ಓಡಾಡಿತು. ಕ್ಷಿಪಣಿ ಬರಲೇ ಇಲ್ಲ. ಪಾಳಿ ಬದಲಾಗುವಾಗಿನ ಅಣಕು ಕವಾಯತಿನಲ್ಲಿ ನೌಕರರೊಬ್ಬರು ನಿಜವಾದ ಎಚ್ಚರಿಕೆಯನ್ನೇ ಕಳಿಸಿಬಿಟ್ಟಿದ್ದರು. ತಪ್ಪಾಯಿತು ಅನ್ನೋ ಎರಡನೇ ಸಂದೇಶ ಬರಲು 38 ನಿಮಿಷ ಹಿಡಿಯಿತು.

ಐದು ವರ್ಷ ಹಿಂದೆ ಇದೇ ಸಂದೇಶ ಬಂದಿದ್ದರೆ ಅರ್ಧ ಜನ ಯಾವನೋ ತಮಾಷೆ ಮಾಡ್ತಿದಾನೆ ಅಂತ ಮಗ್ಗುಲು ಬದಲಿಸುತ್ತಿದ್ದರೇನೋ. ಆವತ್ತು ನಂಬಿದರು. ಐದು ತಿಂಗಳ ಬೈಗುಳ ಅವರನ್ನು ನಂಬಲು ತಯಾರು ಮಾಡಿತ್ತು. ಇದೇ ಮಾತು ಕ್ಷಿಪಣಿ ಕೇಂದ್ರದಲ್ಲಿ ಕೂತ ಸೇನಾಧಿಕಾರಿಗೂ ಅನ್ವಯಿಸುತ್ತೆ ಅಲ್ವಾ? ಪರದೆಯ ಮೇಲೆ ಚುಕ್ಕೆ ಕಂಡಾಗ ಅದು ಹಕ್ಕಿಯೋ ರಾಕೆಟ್ಟೋ ಅಂತ ಅವನು ತೀರ್ಮಾನಿಸುವುದು ಹಿಂದಿನ ವಾರ ಕೇಳಿದ ಭಾಷಣದ ಗುಂಗಿನಲ್ಲೇ.

ಅದೇ ವರ್ಷ ಜೂನ್ 12ರಂದು ಸಿಂಗಪುರದಲ್ಲಿ ಟ್ರಂಪ್, ಕಿಮ್ ಕೈ ಕುಲುಕಿದರು. ನೋಡಿ, ಖಡಕ್ ಮಾತು ಕೆಲಸ ಮಾಡಿತು ಅಂತ ಬಹಳ ಜನ ಅಂದರು. ನನಗೆ ಹಾಗನಿಸಲ್ಲ. ಕಿಮ್ ಬಂದದ್ದು ಕ್ಷಿಪಣಿ ಕೈಗೆ ಬಂದ ಮೇಲೆ, ದಕ್ಷಿಣ ಕೊರಿಯಾದ ಅಧ್ಯಕ್ಷ ಮೂನ್ ಜೇ ಇನ್ ಚಳಿಗಾಲದ ಒಲಿಂಪಿಕ್ಸ್ ನೆಪದಲ್ಲಿ ಬಾಗಿಲು ತೆರೆದ ಮೇಲೆ. ಅದರ ನಡುವೆ ಟ್ರಂಪ್ ಅವರ ಭದ್ರತಾ ಸಲಹೆಗಾರ ಜಾನ್ ಬೋಲ್ಟನ್ ‘ಲಿಬಿಯಾ ಮಾದರಿ’ ಅಂತ ಬಾಯಿಬಿಟ್ಟು ಭೇಟಿಯೇ ಮುರಿದುಬೀಳುವ ಹಾಗಾಗಿತ್ತು. ಗಡಾಫಿಗೆ ಆದದ್ದು ಕಿಮ್‌ಗೆ ಮರೆತಿರುತ್ತಾ? 2019ರ ಫೆಬ್ರುವರಿಯಲ್ಲಿ ಹನೋಯ್‌ನ ಎರಡನೇ ಭೇಟಿ ಒಪ್ಪಂದವಿಲ್ಲದೆ ಮುಗಿಯಿತು. ಬಾಂಬ್ ಅಲ್ಲೇ ಉಳಿಯಿತು.

ಇರಾನಿನ ಕಡೆ 2015ರಲ್ಲಿ ಅಣು ಒಪ್ಪಂದ ಆಗಿತ್ತು. ಅದಕ್ಕೆ ಇರಾನಿನ ಪರ ಮಾತುಕತೆ ನಡೆಸಿದವರು ಅದೇ ಬಾನ್‌ನ ಝರೀಫ್. 2018ರ ಮೇ 8ರಂದು ಟ್ರಂಪ್ ಅದರಿಂದ ಹೊರಬಂದರು. ಇದು ಎಲ್ಲೋ ದೂರದ ಕತೆ ಅನಿಸಬಹುದು. ಸುರತ್ಕಲ್ ಹತ್ತಿರದ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್ ವರ್ಷಗಳ ಕಾಲ ಇರಾನ್ ಕಚ್ಚಾತೈಲದ ದೊಡ್ಡ ಗಿರಾಕಿಯಾಗಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದಾಗ ಭಾರತ ಆ ತೈಲ ಕೊಳ್ಳೋದನ್ನೇ ನಿಲ್ಲಿಸಿತು. ಹಾಗೆ ನೋಡಿದರೆ ಕುದುರೆಮುಖದ ಗಣಿ ಶುರುವಾದದ್ದೇ 1970ರ ದಶಕದಲ್ಲಿ ಇರಾನಿನ ಉಕ್ಕಿನ ಕಾರ್ಖಾನೆಗೆ ಅದಿರು ಕೊಡಲಿಕ್ಕೆ. 1979ರ ಕ್ರಾಂತಿಯಾಗಿ ಆ ವ್ಯವಹಾರ ಮುರಿಯಿತು. ಟೆಹ್ರಾನಿನಲ್ಲಿ ಗಾಳಿ ತಿರುಗಿದರೆ ಪಶ್ಚಿಮಘಟ್ಟದ ಬುಡಕ್ಕೂ ತಾಗುತ್ತೆ. 2020ರ ಜನವರಿ 3ರಂದು ಬಾಗ್ದಾದ್ ವಿಮಾನ ನಿಲ್ದಾಣದ ಹತ್ತಿರ ಅಮೆರಿಕದ ಡ್ರೋನ್ ಕೊಂದದ್ದು ಖಾಸಿಂ ಸುಲೈಮಾನಿಯನ್ನು. 2025ರ ಜೂನ್‌ನಲ್ಲಿ ಅಮೆರಿಕದ ಬಾಂಬುಗಳು ಬಿದ್ದ ಜಾಗಗಳಲ್ಲಿ ನತಾಂಜ್ ಕೂಡ ಒಂದು.

ಖಡಕ್ ಮಾತಿನ ಪರ ಇರುವವರ ದೊಡ್ಡ ಸಾಕ್ಷಿ ರೊನಾಲ್ಡ್ ರೇಗನ್. 1983ರ ಮಾರ್ಚ್ 8ರಂದು ಫ್ಲಾರಿಡಾದಲ್ಲಿ ಪಾದ್ರಿಗಳ ಸಭೆಯಲ್ಲಿ ಅವರು ಸೋವಿಯೆತ್ ಒಕ್ಕೂಟವನ್ನು ದುಷ್ಟ ಸಾಮ್ರಾಜ್ಯ ಅಂದರು. ಎಂಟೇ ವರ್ಷಕ್ಕೆ ಆ ಸಾಮ್ರಾಜ್ಯವೇ ಇರಲಿಲ್ಲ. ಕತೆ ಇಷ್ಟೇ ಹೇಳಿದರೆ ಚೆನ್ನಾಗಿದೆ. ನಡುವಿನದ್ದನ್ನೂ ಹೇಳಬೇಕು. 1983ರ ಸೆಪ್ಟೆಂಬರ್ 1ರಂದು ಸೋವಿಯೆತ್ ಯುದ್ಧವಿಮಾನ ದಾರಿ ತಪ್ಪಿ ಬಂದ ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು. 269 ಜನ ಸತ್ತರು. ಮೂರೂವರೆ ವಾರದ ನಂತರ ಮಾಸ್ಕೊ ಹತ್ತಿರದ ಕೇಂದ್ರವೊಂದರಲ್ಲಿ, ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಅಂತ ಕಂಪ್ಯೂಟರ್ ಹೇಳಿತು. ಪಾಳಿಯಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ಇದು ಯಂತ್ರದ ತಪ್ಪು ಅಂತ ತೀರ್ಮಾನಿಸಿದರು. ಅವರ ಊಹೆ ಸರಿಯಾಗಿತ್ತು. ನವೆಂಬರ್‌ನಲ್ಲಿ ನೇಟೊ ನಡೆಸಿದ ‘ಏಬಲ್ ಆರ್ಚರ್’ ಕವಾಯತನ್ನು ಕೆಲವು ಸೋವಿಯೆತ್ ಅಧಿಕಾರಿಗಳು ನಿಜವಾದ ದಾಳಿಯ ತಯಾರಿಯೇ ಅಂತ ಶಂಕಿಸಿದರು. ಅವರು ನಮ್ಮನ್ನು ಕಂಡು ನಿಜಕ್ಕೂ ಹೆದರುತ್ತಾರೆ ಅನ್ನೋದು ರೇಗನ್‌ಗೆ ಅಚ್ಚರಿಯಾಗಿತ್ತಂತೆ.

1984ರ ಜನವರಿಗೆ ಅವರ ದನಿ ಬೇರೆಯಾಗಿತ್ತು. ರಷ್ಯಾದ ಐವಾನ್, ಆನ್ಯಾ, ಅಮೆರಿಕದ ಜಿಮ್, ಸ್ಯಾಲಿ ಮಳೆಗೆ ಒಂದೇ ಸೂರಿನಡಿ ಸಿಕ್ಕಿಬಿದ್ದರೆ ಸರ್ಕಾರಗಳ ಬಗ್ಗೆ ವಾದ ಮಾಡ್ತಾರಾ, ಮಕ್ಕಳ ಬಗ್ಗೆ ಮಾತಾಡ್ತಾರಾ ಅಂತ ಟಿವಿಯಲ್ಲಿ ಕೇಳಿದರು. ಆಮೇಲೆ ಗೊರ್ಬಚೆವ್ ಜತೆ ಜಿನೀವಾ, ರೇಕ್ಯಾವಿಕ್, 1987ರ ಕ್ಷಿಪಣಿ ಒಪ್ಪಂದ. ಬೈದ ವರ್ಷದಲ್ಲೂ ಎರಡೂ ಕಡೆ ರಾಯಭಾರಿ ಕಚೇರಿ ಇತ್ತು, ನೇರ ಸಂಪರ್ಕದ ಹಾಟ್‌ಲೈನ್ ಇತ್ತು. ಇರಾನ್, ಉತ್ತರ ಕೊರಿಯಾ ಎರಡರ ಜತೆಗೂ ಅಮೆರಿಕಕ್ಕೆ ಇವ್ಯಾವುದೂ ಇರಲಿಲ್ಲ. 1988ರ ಮೇ ತಿಂಗಳಲ್ಲಿ ರೇಗನ್ ಮಾಸ್ಕೊಗೆ ಹೋದಾಗ, ಇದು ಇನ್ನೂ ದುಷ್ಟ ಸಾಮ್ರಾಜ್ಯವೇ ಅಂತ ಒಬ್ಬ ಪತ್ರಕರ್ತ ಕೇಳಿದ. ಇಲ್ಲ, ಅದು ಬೇರೆ ಕಾಲ, ಬೇರೆ ಯುಗ ಅಂದರು.

ನಾಲ್ಕನೇ ಕಿವಿ ಬಾಕಿ ಇದೆ, ನೆಂಟರದು. ದಕ್ಷಿಣ ಕೊರಿಯಾದ ಅಧ್ಯಕ್ಷ ಕಿಮ್ ಡೇ ಜುಂಗ್ ಉತ್ತರದವರ ಜತೆ ಸ್ನೇಹದ ನೀತಿ ಹಿಡಿದು 2000ದಲ್ಲಿ ಶಾಂತಿ ನೊಬೆಲ್ ಪಡೆದವರು. ಅವರ ರಾಜಧಾನಿ ಸೋಲ್ ಉತ್ತರದ ಫಿರಂಗಿಗಳ ಅಳತೆಯಲ್ಲೇ ಇದೆ. ಬೈಗುಳ ವಾಷಿಂಗ್ಟನ್‌ನದು, ಏಟು ಬಿದ್ದರೆ ಮೊದಲು ಇವರಿಗೆ. ಭಾಷಣವಾಗಿ ಮೂರು ವಾರಕ್ಕೆ ಬುಷ್ ಸೋಲ್‌ಗೆ ಬಂದರು. ಕಿಮ್ ಡೇ ಜುಂಗ್ ನೇರವಾಗಿ ಆಕ್ಷೇಪಿಸಲಿಲ್ಲ. ರೇಗನ್ ಕೂಡ ದುಷ್ಟ ಸಾಮ್ರಾಜ್ಯ ಅಂದವರು, ಆದರೂ ಗೊರ್ಬಚೆವ್ ಜತೆ ಕೂತು ಮಾತಾಡಿದರಲ್ಲ ಅಂತ ಮೆಲ್ಲಗೆ ನೆನಪಿಸಿದರು. ಹಿರಿಯರು ಕಿವಿ ಹಿಂಡುವ ರೀತಿ. ಅದನ್ನು ಪತ್ರಕರ್ತರಿಗೆ ಹೇಳಿದವರು ಬುಷ್ಷೇ. ಉತ್ತರ ಕೊರಿಯಾದ ಮೇಲೆ ದಾಳಿ ಮಾಡುವ ಉದ್ದೇಶ ನಮಗಿಲ್ಲ ಅಂತಲೂ ಆವತ್ತು ಹೇಳಿದರು. ಶೆಲ್ಲಿಂಗ್ ಹೇಳಿದ ಎರಡನೇ ಅರ್ಧ, ಮೂರು ವಾರ ತಡವಾಗಿ.

ಅದೇ ದಿನ, ಫೆಬ್ರುವರಿ 20ರಂದು, ಇಬ್ಬರೂ ಗಡಿಯ ಹತ್ತಿರದ ದೊರಾಸಾನ್ ರೈಲು ನಿಲ್ದಾಣಕ್ಕೆ ಹೋದರು. ದಕ್ಷಿಣದ ಕಡೆಯಿಂದ ಹಳಿ ಅಲ್ಲಿಯವರೆಗೆ ಬಂದಿತ್ತು. ಹಳಿಯ ಕೆಳಗೆ ಹಾಕುವ ಸ್ಲೀಪರ್ ಒಂದರ ಮೇಲೆ ಬುಷ್ ಪೆನ್ನಿನಲ್ಲಿ ಬರೆದು ಸಹಿ ಹಾಕಿದರು: ಈ ರೈಲುಹಾದಿ ಕೊರಿಯಾದ ಕುಟುಂಬಗಳನ್ನು ಒಂದುಗೂಡಿಸಲಿ. 2007ರ ಕೊನೆಯಿಂದ ಒಂದು ವರ್ಷದಷ್ಟು ಕಾಲ ಆ ಹಾದಿಯಲ್ಲಿ ಗೂಡ್ಸ್ ಗಾಡಿ ಗಡಿ ದಾಟಿ ಓಡಾಡಿತು, ಆಮೇಲೆ ನಿಂತಿತು. 2024ರ ಅಕ್ಟೋಬರ್‌ನಲ್ಲಿ ಉತ್ತರದವರು ದಕ್ಷಿಣಕ್ಕೆ ಬರುವ ರಸ್ತೆಗಳನ್ನು ಸ್ಫೋಟಿಸಿ ಕಿತ್ತುಹಾಕಿದರು. ಆ ನಿಲ್ದಾಣದಲ್ಲಿ ಒಂದು ಬೋರ್ಡ್ ಇದೆ. ಪ್ಯಾಂಗ್ಯಾಂಗ್‌ಗೆ 205 ಕಿ.ಮೀ.